ಗಾಥ್ ಸಂಗೀತವನ್ನು ಕಿವಿಯಿಂದ ಗುರುತಿಸುವುದು ಹೇಗೆ? ಒಳಪ್ರಕಾರಗಳ ಸಮಗ್ರ ಮಾರ್ಗದರ್ಶಿ

ಬೆಳಗಾವಿಯ ಎಂಜಿನಿಯರಿಂಗ್ ಹಾಸ್ಟೆಲ್‌ಗಳಲ್ಲಾಗಲಿ, ಟಿಳಕವಾಡಿಯ ಚಹಾದಂಗಡಿಗಳ ಮುಂದಾಗಲಿ ಪಾಶ್ಚಾತ್ಯ ಸಂಗೀತದ ಮಾತು ಬಂದಾಗ ‘ಗಾಥ್’ (1970ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಹುಟ್ಟಿದ ಕತ್ತಲ ಭಾವದ ರಾಕ್ ಸಂಗೀತ) ಎಂಬ ಹೆಸರು ಬಲು ಸಡಿಲವಾಗಿ ಓಡಾಡುತ್ತದೆ. ಕರಿ ಅಂಗಿ ತೊಟ್ಟವರು ಹಾಡಿದರೆ ಗಾಥ್, ಸಾವಿನ ಬಗ್ಗೆ ಹಾಡಿದರೆ ಗಾಥ್, ಗಿಟಾರಿನ ಅಬ್ಬರ ಕಿವಿಗೆ ಬಡಿದರೂ ಗಾಥ್. ಈ ಗೊಂದಲಕ್ಕೆ ಕೇಳುಗರನ್ನಷ್ಟೇ ದೂರುವಂತಿಲ್ಲ. ಅಂತರ್ಜಾಲದ ಹಾಡುಪಟ್ಟಿಗಳೇ ಪೋಸ್ಟ್-ಪಂಕ್, ಡಾರ್ಕ್‌ವೇವ್, ಮೆಟಲ್, ಇಂಡಸ್ಟ್ರಿಯಲ್ ಎಲ್ಲವನ್ನೂ ಒಂದೇ ಕರಿ ಮುಖಚಿತ್ರದಡಿ ಸುರಿದಿರುತ್ತವೆ. ಹೊಸ ಹಾಡೊಂದನ್ನು ಕೇಳಿದಾಗ ಅದು ಗಾಥ್ ಹೌದೋ ಅಲ್ಲವೋ, ಹೌದಾದರೆ ಯಾವ ಕವಲಿನದು, ಅಲ್ಲವಾದರೆ ಯಾವ ನೆರೆಯ ಪ್ರಕಾರದ್ದು ಎಂಬುದನ್ನು ಸ್ವಂತ ಕಿವಿಯಿಂದ ನಿರ್ಣಯಿಸುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ಕೊಟ್ಟಿದ್ದೇನೆ. ವೇಷ ಮತ್ತು ಸಾಹಿತ್ಯ ಇಲ್ಲಿ ಎರಡನೆಯ ದರ್ಜೆಯ ಸಾಕ್ಷಿಗಳು. ವಾದ್ಯಗಳು ಹೇಗೆ ವರ್ತಿಸುತ್ತವೆ, ಆ ನುಡಿಸಾಣಿಕೆ ಯಾರಿಂದ ಯಾರಿಗೆ ಹರಿದುಬಂತು ಎಂಬುವೇ ಮೊದಲ ದರ್ಜೆಯವು.

ಹಂತ 1: ದಾರಿ ತಪ್ಪಿಸುವ ಗುರುತುಗಳನ್ನು ಬದಿಗಿಡಿ

ದುಃಖವೇ ಗಾಥ್‌ನ ಲಕ್ಷಣವೆಂದಾದರೆ ವಿಜಯಪುರ, ಬಾಗಲಕೋಟೆ ಭಾಗದ ಮೊಹರಂ ರಿವಾಯತ ಪದಗಳನ್ನೂ ಗಾಥ್ ಎನ್ನಬೇಕಾಗುತ್ತದೆ. ಕರ್ಬಲಾದ ಶೋಕವನ್ನು ಕನ್ನಡದಲ್ಲಿ ತುಂಬಿಕೊಂಡ ಆ ಪದಗಳಿಗೆ ತಮ್ಮದೇ ಪರಂಪರೆಯಿದೆ, ತಮ್ಮದೇ ಹೆಜ್ಜೆಯಿದೆ. ಗಾಥ್‌ಗೂ ಅವಕ್ಕೂ ಸಂಬಂಧವಿಲ್ಲ. ಹಾಗೆಯೇ ಕರಿಬಣ್ಣ, ಶಿಲುಬೆ, ಬಾವಲಿ, ಬಿಳಿ ಬಳಿದ ಮುಖ ಇವೆಲ್ಲ ಸಂಗೀತದ ಸುತ್ತ ಬೆಳೆದ ಉಡುಗೆ-ತೊಡುಗೆ. ಮರ್ಲಿನ್ ಮ್ಯಾನ್ಸನ್ ಅಥವಾ ಎವನೆಸೆನ್ಸ್ ತಂಡದ ಹಾಡುಗಳನ್ನು ಗಾಥ್ ಎಂದು ನಂಬಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಹಾಡುಗಳು ಚೆನ್ನಾಗಿಲ್ಲವೆಂದು ಯಾರೂ ಹೇಳುವುದಿಲ್ಲ, ಆದರೆ ಅವುಗಳ ಬೇರು ಮೆಟಲ್ ಮತ್ತು ಹಾರ್ಡ್ ರಾಕ್‌ನಲ್ಲಿದೆ.

ಕಲಾವಿದರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ ಎಂಬುದನ್ನೂ ಪೂರ್ತಿ ನಂಬಬೇಡಿ. ದ ಸಿಸ್ಟರ್ಸ್ ಆಫ್ ಮರ್ಸಿ ತಂಡದ ಆಂಡ್ರ್ಯೂ ಎಲ್ಡ್ರಿಚ್ ಆಗಲಿ, ದ ಕ್ಯೂರ್ ತಂಡದ ರಾಬರ್ಟ್ ಸ್ಮಿತ್ ಆಗಲಿ ಗಾಥ್ ಹಣೆಪಟ್ಟಿಯನ್ನು ಒಪ್ಪಿದವರಲ್ಲ. ಅವರ ಮಾತನ್ನೇ ಪ್ರಮಾಣವೆಂದು ಹಿಡಿದರೆ ಗಾಥ್ ಎಂಬ ಪ್ರಕಾರದಲ್ಲಿ ತಂಡಗಳೇ ಉಳಿಯುವುದಿಲ್ಲ. ಇದು ನಮಗೆ ಅಪರಿಚಿತ ಸಂಗತಿಯೇನಲ್ಲ. ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಯಾವ ಘರಾಣೆಯ ಬೇಲಿಯನ್ನೂ ಒಪ್ಪಲಿಲ್ಲ, ಆದರೂ ಬಲ್ಲ ಕೇಳುಗರು ಅವರ ಗಾಯನದಲ್ಲಿ ಎಲ್ಲಿಂದ ಏನು ಬಂದಿದೆ ಎಂಬುದನ್ನು ಗುರುತಿಸುತ್ತಲೇ ಬಂದಿದ್ದಾರೆ. ಬಂದಿಶಿನ ಅರ್ಥ ನೋಡಿ ಘರಾಣೆ ನಿರ್ಣಯಿಸುವವರು ಯಾರೂ ಇಲ್ಲ. ಸ್ವರ ಹಚ್ಚುವ ರೀತಿ, ಲಯದೊಡನೆ ಆಡುವ ರೀತಿ, ತಾನಿನ ಚಲನೆ ಇವುಗಳಿಂದ ನಿರ್ಣಯಿಸುತ್ತೇವೆ. ಆ ಅಭ್ಯಾಸವನ್ನೇ ಇಲ್ಲಿಯೂ ಬಳಸಬೇಕು.

ಹಂತ 2: ಬಾಸ್ ಕೇಳುವ ವ್ಯವಸ್ಥೆ ಮಾಡಿಕೊಳ್ಳಿ

ಮೊಬೈಲಿನ ಸ್ಪೀಕರಿನಲ್ಲಿ ಈ ಕೆಲಸ ಆಗುವುದಿಲ್ಲ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿಯ ಮೂಲಸ್ವರ ಸುಮಾರು 41 ಹರ್ಟ್ಸ್‌ನಷ್ಟಿದ್ದು, ಅಂಥ ಕೆಳಸ್ವರಗಳನ್ನು ಚಿಕ್ಕ ಸ್ಪೀಕರು ಹೊರಡಿಸುವುದೇ ಇಲ್ಲ. ಗಾಥ್‌ನಲ್ಲಿ ಬಾಸ್ ಕಿವಿಗೆ ಬೀಳದಿದ್ದರೆ ಹಾಡಿನ ಅರ್ಧವೇ ಕೈಬಿಟ್ಟಂತೆ. ಸಾಧಾರಣ ಬೆಲೆಯ ಇಯರ್‌ಫೋನ್ ಸಾಕು. ಅದರಲ್ಲಿ ಬಾಸ್ ಹೆಚ್ಚಿಸುವ ಸೌಲಭ್ಯವಿದ್ದರೆ ಅದನ್ನು ಮುಚ್ಚಿಡಿ, ಏಕೆಂದರೆ ಅದು ಎಲ್ಲ ಹಾಡನ್ನೂ ಒಂದೇ ರೀತಿ ಗುಮ್ಮೆನಿಸಿ ವ್ಯತ್ಯಾಸವನ್ನೇ ಅಳಿಸುತ್ತದೆ. ಜೊತೆಗೊಂದು ನೋಟ್‌ಬುಕ್ ಇರಲಿ. ಪುಟವನ್ನು ಬಾಸ್, ಡ್ರಮ್, ಗಿಟಾರ್, ಕಂಠ, ಜಾಗ ಎಂದು ಐದು ಅಂಕಣ ಮಾಡಿಕೊಳ್ಳಿ. ‘ಜಾಗ’ ಅಂದರೆ ಹಾಡು ಎಷ್ಟು ದೊಡ್ಡ ಕೋಣೆಯಲ್ಲಿ ನಡೆಯುತ್ತಿರುವಂತೆ ಕೇಳಿಸುತ್ತದೆ ಎಂಬುದು.

ಹಂತ 3: ಒಂದೇ ಹಾಡನ್ನು ಐದು ಸಲ ಕೇಳಿ

ಪ್ರತಿ ಸಲ ಒಂದು ಅಂಕಣವನ್ನು ಮಾತ್ರ ತುಂಬಬೇಕು. ಅಭ್ಯಾಸಕ್ಕೆ ಬೌಹೌಸ್ ತಂಡದ ‘ಬೆಲಾ ಲುಗೋಸಿಸ್ ಡೆಡ್’ ಹಾಡಿಗಿಂತ ಒಳ್ಳೆಯ ಪಾಠವಿಲ್ಲ. ಇಂಗ್ಲೆಂಡಿನ ನಾರ್ಥಾಂಪ್ಟನ್ ಊರಿನ ನಾಲ್ವರು ಹುಡುಗರು ತಂಡ ಕಟ್ಟಿದ ಕೆಲವೇ ವಾರಗಳಲ್ಲಿ, 1979ರ ಜನವರಿಯಲ್ಲಿ, ಇದನ್ನು ಧ್ವನಿಮುದ್ರಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಅದು ಬಿಡುಗಡೆಯಾಯಿತು. ಹಾಡಿನ ಉದ್ದ ಒಂಬತ್ತು ನಿಮಿಷಕ್ಕೂ ಹೆಚ್ಚು.

ಮೊದಲು ಡ್ರಮ್ ಕೇಳಿ. ಕೆವಿನ್ ಹ್ಯಾಸ್ಕಿನ್ಸ್ ಡ್ರಮ್ಮಿನ ಅಂಚಿಗೆ ಕೋಲು ತಾಗಿಸಿ ಹುಟ್ಟಿಸುವ ಒಣ ಟಕಟಕ ಸದ್ದು, ಅದರ ಬೆನ್ನಿಗೇ ಅದರದೇ ಪ್ರತಿಧ್ವನಿ, ಹೀಗೆ ಎರಡೂ ಹೆಣೆದುಕೊಂಡು ಒಂದು ಲಯವಾಗುತ್ತವೆ. ಎರಡನೆಯ ಸಲ ಬಾಸ್ ಕೇಳಿ: ಡೇವಿಡ್ ಜೇ ನಿಧಾನವಾಗಿ ಕೆಳಗಿಳಿಯುವ ಕೆಲವೇ ಸ್ವರಗಳನ್ನು ನುಡಿಸುತ್ತಾರೆ, ಮತ್ತೆ ಅವನ್ನೇ ನುಡಿಸುತ್ತಾರೆ, ಹಾಡಿನ ರಾಗವನ್ನು ಹೊತ್ತಿರುವುದು ಅದೇ. ಮೂರನೆಯ ಸಲ ಗಿಟಾರ್. ಡೇನಿಯಲ್ ಆ್ಯಶ್ ಇಲ್ಲಿ ರಾಕ್ ಗಿಟಾರಿನ ಮಾಮೂಲಿ ಕೆಲಸವನ್ನು ಮಾಡುವುದೇ ಇಲ್ಲ. ತಂತಿಯನ್ನು ಗೀರುತ್ತಾರೆ, ಸದ್ದು ಎಸೆಯುತ್ತಾರೆ, ಸುಮ್ಮನಾಗುತ್ತಾರೆ. ನಾಲ್ಕನೆಯ ಸಲ ಪೀಟರ್ ಮರ್ಫಿಯ ಕಂಠಕ್ಕಾಗಿ ಕಾಯಬೇಕು, ಏಕೆಂದರೆ ಎರಡೂವರೆ ನಿಮಿಷ ದಾಟುವವರೆಗೆ ಅದು ಬರುವುದೇ ಇಲ್ಲ, ಬಂದಾಗ ಕೆಳಸ್ಥಾಯಿಯಲ್ಲಿ, ರಂಗದ ಮೇಲಿನ ಪಾತ್ರದ ಗತ್ತಿನಲ್ಲಿ ಬರುತ್ತದೆ. ಐದನೆಯ ಸಲ ಜಾಗ: ವಾದ್ಯಗಳ ನಡುವೆ ಎಷ್ಟು ಖಾಲಿ ಉಳಿದಿದೆ ಎಂಬುದನ್ನು ಗಮನಿಸಿ.

ಈ ಐದನೆಯ ಅಂಕಣ ಹೊಸಬರಿಗೆ ಕಷ್ಟ. ಡಿಲೇ ಮತ್ತು ರಿವರ್ಬ್ ಎರಡನ್ನೂ ಅವರು ಒಂದೇ ಎಂದು ಬರೆದುಕೊಳ್ಳುತ್ತಾರೆ. ವಿಜಯಪುರದವರಿಗೆ ಇದನ್ನು ಕಲಿಯಲು ಯಾವ ಸ್ಟುಡಿಯೋ ಕೂಡ ಬೇಡ. 1656ರ ಗೋಳಗುಮ್ಮಟವೇ ಇದೆ. ಶಾಲಾ ಪ್ರವಾಸದ ಮಕ್ಕಳ ಕೂಗಾಟ ಶುರುವಾಗುವ ಮುನ್ನ, ಬೆಳಗಿನ ಹೊತ್ತು, ಮೇಲಿನ ಪಿಸುಮಾತಿನ ಗ್ಯಾಲರಿಗೆ ಹತ್ತಿ ಒಮ್ಮೆ ಮಾತ್ರ ಚಪ್ಪಾಳೆ ಹೊಡೆಯಿರಿ. ಬಿಡಿಬಿಡಿಯಾಗಿ, ಎಣಿಸಲು ಬರುವಂತೆ ಮರಳುವ ಸದ್ದೇ ಡಿಲೇ. ಆ ಮರುಸದ್ದುಗಳು ಒಂದರೊಳಗೊಂದು ಕರಗಿ, ಎಣಿಕೆಗೆ ಸಿಗದೆ ಹಿಂದೆ ಉಳಿಯುವ ಗುಂಯ್‌ಗುಡುವಿಕೆ ರಿವರ್ಬ್. ಬೌಹೌಸ್ ಹಾಡಿನ ಡ್ರಮ್ಮಿನ ಮೇಲಿರುವುದು ಮುಖ್ಯವಾಗಿ ಮೊದಲನೆಯದು. ಕಾಕ್ಟೋ ಟ್ವಿನ್ಸ್ ತಂಡದ ಗಿಟಾರ್ ಮುಳುಗಿರುವುದು ಎರಡನೆಯದರಲ್ಲಿ. ಒಳಪ್ರಕಾರಗಳನ್ನು ಬೇರ್ಪಡಿಸುವಾಗ ಈ ಒಂದು ಭೇದ ಬಹಳ ಕೆಲಸಕ್ಕೆ ಬರುತ್ತದೆ.

ಸ್ವರದ ವಿಚಾರದಲ್ಲಿ ಹಿಂದೂಸ್ತಾನಿ ಕೇಳಿ ಬೆಳೆದ ಕಿವಿಗೆ ಒಂದು ಅನುಕೂಲವಿದೆ. ಗಾಥ್ ಹಾಡುಗಳು ಹೆಚ್ಚಾಗಿ ಮೈನರ್ ಕೀಯಲ್ಲಿರುತ್ತವೆ. ನ್ಯಾಚುರಲ್ ಮೈನರ್ ಎನ್ನುವುದರ ಸ್ವರಗಳು ಆಸಾವರಿ ಥಾಟಿನ ಸ್ವರಗಳೇ, ಅಂದರೆ ಗಾಂಧಾರ, ಧೈವತ, ನಿಷಾದ ಮೂರೂ ಕೋಮಲ. ರಾಗದ ಚಲನೆ ಅಲ್ಲಿ ಇರುವುದಿಲ್ಲ, ಸ್ವರಸಮೂಹ ಮಾತ್ರ ಒಂದೇ. ಆದರೆ ಮೈನರ್ ಕೀ ಇದ್ದ ಮಾತ್ರಕ್ಕೆ ಹಾಡು ಗಾಥ್ ಆಗುವುದಿಲ್ಲವಾದ್ದರಿಂದ ಇದನ್ನು ಆರನೆಯ ಅಂಕಣ ಮಾಡದೆ ಅಂಚಿನಲ್ಲಿ ಗುರುತು ಹಾಕಿಕೊಂಡರೆ ಸಾಕು.

ಹಂತ 4: ವಂಶಾವಳಿಯನ್ನು ಮನಸ್ಸಿನಲ್ಲಿ ಬರೆದುಕೊಳ್ಳಿ

ಗಾಥ್ ಹುಟ್ಟಿದ್ದು ಪಂಕ್ ಎಂಬ ಒರಟು, ವೇಗದ ರಾಕ್‌ನ ನಂತರದ ಇಂಗ್ಲೆಂಡಿನಲ್ಲಿ, ಪೋಸ್ಟ್-ಪಂಕ್ ಎಂದು ಕರೆಯುವ ಸಂಗೀತದ ನಡುವೆ. ಮ್ಯಾಂಚೆಸ್ಟರ್ ಕಡೆಯ ಜಾಯ್ ಡಿವಿಷನ್ ತಂಡ 1979ರಲ್ಲಿ ತನ್ನ ಮೊದಲ ಆಲ್ಬಂ ತಂದಾಗ ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಡಿಜಿಟಲ್ ಡಿಲೇ ಬಳಸಿ ಇಡೀ ತಂಡವನ್ನು ಖಾಲಿ ಗೋದಾಮಿನಲ್ಲಿ ನಿಲ್ಲಿಸಿದಂತೆ ಕೇಳಿಸಿದ. ಆ ತಂಡದ ಪೀಟರ್ ಹುಕ್ ಬಾಸ್‌ನ ಮೇಲಿನ ಸ್ವರಗಳಲ್ಲಿ ರಾಗ ನುಡಿಸುವ ಪದ್ಧತಿ ಹಿಡಿದದ್ದಕ್ಕೆ ಕಾರಣ ಬಹಳ ಸರಳ: ಜೊತೆಗಾರನ ಗಿಟಾರ್ ಆ್ಯಂಪ್ಲಿಫೈಯರ್ ಅಬ್ಬರದಲ್ಲಿ ಕೆಳಗಿನ ಸ್ವರಗಳು ಆತನಿಗೇ ಕೇಳಿಸುತ್ತಿರಲಿಲ್ಲ. ಮುಂದೆ ಗಾಥ್ ಬಾಸ್ ವಾದನದ ಮಾದರಿಯೇ ಆದ ಶೈಲಿ ಇಂಥ ಅಡಚಣೆಯಿಂದ ಹುಟ್ಟಿತು.

ಲಂಡನ್ನಿನ ಸೂಸಿ ಆ್ಯಂಡ್ ದ ಬ್ಯಾನ್‌ಶೀಸ್ 1976ರಲ್ಲೇ ಶುರುವಾಗಿದ್ದರೂ ಅವರ 1981ರ ‘ಜೂಜೂ’ ಆಲ್ಬಂನಲ್ಲಿ ಗಾಥ್‌ನ ಇನ್ನೆರಡು ಅಂಗಗಳು ಸ್ಪಷ್ಟವಾದವು: ಬಜಿ ಎಂಬ ಡ್ರಮ್ಮರ್ ಕಂಚಿನ ಸಿಂಬಲ್‌ಗಳಿಗಿಂತ ತಗ್ಗುದನಿಯ ಟಾಮ್ ಡ್ರಮ್‌ಗಳನ್ನು ಹೆಚ್ಚು ನೆಚ್ಚಿದ್ದು, ಜಾನ್ ಮೆಕ್‌ಗಿಯೋಕ್ ಫ್ಲ್ಯಾಂಜರ್ (ಸದ್ದನ್ನು ಸುಳಿಯಂತೆ ತಿರುಗಿಸುವ ಸಾಧನ) ಹಚ್ಚಿದ ಗಿಟಾರಿನಲ್ಲಿ ತಂತಿಗಳನ್ನು ಬಿಡಿಬಿಡಿಯಾಗಿ ಮೀಟಿದ್ದು. ದ ಕ್ಯೂರ್ 1980ರಿಂದ 1982ರವರೆಗೆ ಸಾಲಾಗಿ ಮೂರು ಕತ್ತಲ ಆಲ್ಬಂಗಳನ್ನು ತಂದಿತು. 1982ರ ಜುಲೈನಲ್ಲಿ ಲಂಡನ್ನಿನ ಸೋಹೋದಲ್ಲಿ ಬ್ಯಾಟ್‌ಕೇವ್ ಎಂಬ ಕ್ಲಬ್ ತೆರೆಯಿತು. ಅಲ್ಲಿಂದ ಮುಂದೆ ಚದುರಿದ ತಂಡಗಳಿಗೆ ಒಂದು ಸಭಾಂಗಣ, ಒಂದು ವೇಷ, ಪತ್ರಿಕೆಗಳಲ್ಲಿ ಒಂದು ಹೆಸರು ಸಿಕ್ಕಿತು. ವೇಷವು ಸಂಗೀತಕ್ಕೆ ಅಂಟಿಕೊಂಡದ್ದೂ ಹೆಚ್ಚಾಗಿ ಇಲ್ಲಿಂದಲೇ.

ನೋಟ್‌ಬುಕ್ಕಿನಲ್ಲಿ ತುಂಬಿದ ಐದು ಅಂಕಣಗಳಲ್ಲಿ ಮೂರಾದರೂ ಈ ತಂಡಗಳ ವರ್ತನೆಗೆ ಹೊಂದಿದರೆ ಹಾಡನ್ನು ಗಾಥ್ ಕುಟುಂಬದ್ದೆಂದು ಒಪ್ಪಬಹುದು. ‘ಮೂರು’ ಎಂಬುದು ನಾನು ಬಳಕೆಯ ಅನುಕೂಲಕ್ಕಾಗಿ ಇಟ್ಟುಕೊಂಡ ಗೆರೆ, ಶಾಸ್ತ್ರವಾಕ್ಯವಲ್ಲ. ಆದರೆ ಬಾಸ್ ಅಂಕಣ ಹೊಂದದೆ ಉಳಿದವು ಮಾತ್ರ ಹೊಂದಿದಾಗ ನಾನು ಎರಡನೆಯ ಸಲ ಯೋಚಿಸುತ್ತೇನೆ.

ಹಂತ 5: ಕವಲುಗಳನ್ನು ಬೇರ್ಪಡಿಸಿ

ಲೀಡ್ಸ್ ನಗರದ ಕವಲಿನಿಂದ ಆರಂಭಿಸುವುದು ಸುಲಭ, ಏಕೆಂದರೆ ಗಾಥಿಕ್ ರಾಕ್ ಎಂದಾಗ ಬಹಳ ಮಂದಿಯ ಮನಸ್ಸಿನಲ್ಲಿ ಮೂಡುವುದು ಅದೇ ಧ್ವನಿ. 1980ರಲ್ಲಿ ಅಲ್ಲಿ ಹುಟ್ಟಿದ ದ ಸಿಸ್ಟರ್ಸ್ ಆಫ್ ಮರ್ಸಿ ಡ್ರಮ್ಮರನ ಬದಲು ಡ್ರಮ್ ಮಷೀನ್ ಇಟ್ಟುಕೊಂಡಿತು. ಅದಕ್ಕೆ ‘ಡಾಕ್ಟರ್ ಅವಲಾಂಚ್’ ಎಂದು ಹೆಸರಿಟ್ಟು ತಂಡದ ಸದಸ್ಯನಂತೆಯೇ ನಡೆಸಿಕೊಂಡರು. ತಪ್ಪದೆ ಬಡಿಯುವ ಯಂತ್ರದ ತಾಳ, ಅದರ ಮೇಲೆ ಒಂದೇ ಬಿಗಿಯಲ್ಲಿ ಓಡುವ ಬಾಸ್, ಮಿನುಗುವ ಗಿಟಾರ್, ಎಲ್ಡ್ರಿಚ್‌ನ ಆಳವಾದ ಕಂಠ: 1985ರ ಅವರ ಮೊದಲ ಆಲ್ಬಂನಲ್ಲಿ ಈ ನಾಲ್ಕೂ ಕಲಿಯುವವರಿಗೆ ನಿಚ್ಚಳವಾಗಿ ಸಿಗುತ್ತವೆ. ತಂಡ ಒಡೆದಾಗ ಹೊರಬಂದ ಇಬ್ಬರು 1986ರಲ್ಲಿ ದ ಮಿಷನ್ ಕಟ್ಟಿದರು. ಎಲ್ಡ್ರಿಚ್ 1987ರ ‘ಫ್ಲಡ್‌ಲ್ಯಾಂಡ್’ ಆಲ್ಬಂನ ಒಂದು ಹಾಡಿಗೆ ನ್ಯೂಯಾರ್ಕಿನ ಗಾಯನ ವೃಂದವನ್ನೇ ಕರೆಸಿದ. ಸ್ಟೀವನೇಜ್ ಊರಿನ ಫೀಲ್ಡ್ಸ್ ಆಫ್ ದ ನೆಫಿಲಿಮ್ ಇದೇ ದಾರಿಯಲ್ಲಿ ಬಂದವರು; ಕೌಬಾಯ್ ಕೋಟುಗಳಿಗೆ ದೂಳು ಹಿಡಿದಂತೆ ಕಾಣಲಿ ಎಂದು ಅವರು ಹಿಟ್ಟು ಎರಚಿಕೊಳ್ಳುತ್ತಿದ್ದರು.

ಡೆತ್‌ರಾಕ್ ಸಮುದ್ರದಾಚೆ, ಲಾಸ್ ಏಂಜಲೀಸಿನಲ್ಲಿ, ಅಲ್ಲಿಯ ಪಂಕ್‌ನ ಒಡಲಿನಿಂದಲೇ ಬಂತು. ರಾಝ್ ವಿಲಿಯಮ್ಸ್ ಕಟ್ಟಿದ ಕ್ರಿಶ್ಚಿಯನ್ ಡೆತ್ 1982ರಲ್ಲಿ ತನ್ನ ಮೊದಲ ಆಲ್ಬಂ ತಂದಾಗ ಅದರಲ್ಲಿ ಗಿಟಾರ್ ಹಿಡಿದಿದ್ದವನು ಅಡಲೆಸೆಂಟ್ಸ್ ಎಂಬ ಪಂಕ್ ತಂಡದಿಂದ ಬಂದ ರಿಕ್ ಆ್ಯಗ್ನ್ಯೂ. ಆದ್ದರಿಂದ ಇಲ್ಲಿ ಲಯ ಹರಿತ, ಗಿಟಾರ್ ಒರಟು, ಕಂಠ ಗಂಭೀರವಾಗಿರುವುದರ ಬದಲು ನರಳುತ್ತದೆ, ಅಣಕಿಸುತ್ತದೆ. ದೆವ್ವದ ಸಿನಿಮಾಗಳ ವಿನೋದವೂ ಬೆರೆತಿರುತ್ತದೆ. ಲೀಡ್ಸ್ ಹಾಡು ಯಂತ್ರದಷ್ಟು ಬಿಗಿಯಾಗಿದ್ದರೆ ಡೆತ್‌ರಾಕ್ ಎಲ್ಲಿ ಕಟ್ಟು ಬಿಚ್ಚೀತೋ ಎನ್ನುವಂತಿರುತ್ತದೆ. ಬ್ಯಾಟ್‌ಕೇವ್‌ನ ಸ್ಪೆಸಿಮನ್, ಏಲಿಯನ್ ಸೆಕ್ಸ್ ಫೀಂಡ್ ತಂಡಗಳು ಭೂಗೋಳದಿಂದ ಇಂಗ್ಲೆಂಡಿನವಾದರೂ ಸ್ವಭಾವದಿಂದ ಇದಕ್ಕೆ ಹತ್ತಿರ.

ಈಥೀರಿಯಲ್ ವೇವ್ ಎಂಬ ಕವಲಿನಲ್ಲಿ ಒರಟುತನ ಪೂರ್ತಿ ಮಾಯವಾಗುತ್ತದೆ. ಸ್ಕಾಟ್ಲೆಂಡಿನ ಕಾಕ್ಟೋ ಟ್ವಿನ್ಸ್ 1982ರ ಮೊದಲ ಆಲ್ಬಂನಲ್ಲಿ ಇನ್ನೂ ಬ್ಯಾನ್‌ಶೀಸ್‌ನ ನೆರಳಿನಲ್ಲಿದ್ದರು. ಬರಬರುತ್ತ ರಾಬಿನ್ ಗತ್ರಿಯ ಗಿಟಾರ್ ಮೋಡದಂತಾಗಿ, ಎಲಿಜಬೆತ್ ಫ್ರೇಸರ್‌ಳ ಹಾಡಿನಲ್ಲಿ ಪದಗಳೇ ಕರಗಿಹೋದವು. ಸಾಹಿತ್ಯದಿಂದ ಪ್ರಕಾರವನ್ನು ನಿರ್ಣಯಿಸಬಾರದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ಮೆಲ್ಬರ್ನ್‌ನಲ್ಲಿ 1981ರಲ್ಲಿ ಹುಟ್ಟಿ ಲಂಡನ್ನಿಗೆ ಬಂದ ಡೆಡ್ ಕ್ಯಾನ್ ಡಾನ್ಸ್ 1984ರ ಮೊದಲ ಆಲ್ಬಂನಲ್ಲಿ ಗಾಥ್‌ಗೆ ಹತ್ತಿರವಿತ್ತು, ನಂತರ ಮಧ್ಯಯುಗದ ಯುರೋಪಿನ ಮತ್ತು ಬೇರೆ ಬೇರೆ ದೇಶಗಳ ವಾದ್ಯಗಳ ಕಡೆ ಹೊರಳಿತು. ಅವರ ನಂತರದ ಹಾಡುಗಳನ್ನು ಗಾಥ್ ಎಂದು ನಾನು ಬರೆದುಕೊಳ್ಳುವುದಿಲ್ಲ. ಗಾಥ್ ಕೇಳುಗರಿಗೆ ಪ್ರಿಯವಾದ ಸಂಗೀತ ಎಂದಷ್ಟೇ ಬರೆದುಕೊಳ್ಳುತ್ತೇನೆ.

ಡಾರ್ಕ್‌ವೇವ್ ಮತ್ತು ಕೋಲ್ಡ್‌ವೇವ್ ಎಂದರೆ ಸಿಂಥಸೈಜರ್ (ವಿದ್ಯುತ್ ಮೂಲಕ ಸ್ವರ ಹುಟ್ಟಿಸುವ ಕೀಬೋರ್ಡ್, ಚಿಕ್ಕದಾಗಿ ಸಿಂಥ್) ಮುಂದೆ ಬಂದು ಗಿಟಾರ್ ಹಿಂದೆ ಸರಿದ ಕವಲುಗಳು. ಮೊದಲನೆಯದು ಹೆಚ್ಚಾಗಿ ಜರ್ಮನಿ, ನೆದರ್ಲೆಂಡ್ಸ್ ಕಡೆಯದು, ಕ್ಲಾನ್ ಆಫ್ ಜೈಮಾಕ್ಸ್ ಅದರ ಒಳ್ಳೆಯ ಮಾದರಿ. ಎರಡನೆಯದು ಫ್ರಾನ್ಸಿನದು, ತೆಳ್ಳನೆಯ ಸಿಂಥ್, ಭಾವ ತೋರದ ಕಂಠ, ಕಡಿಮೆ ರಿವರ್ಬ್. ಇವೆರಡರ ನಡುವಿನ ಗೆರೆ ನಿಜಕ್ಕೂ ಮಸುಕು, ಅದರ ಮೇಲೆ ಜಗಳ ಕಾಯುವುದರಿಂದ ಪ್ರಯೋಜನವಿಲ್ಲ.

ಹಂತ 6: ನೆರೆಯವರನ್ನು ನೆರೆಯವರೆಂದೇ ಗುರುತಿಸಿ

ಗಾಥಿಕ್ ಮೆಟಲ್ ವಿಷಯಕ್ಕೆ ಬಂದಾಗ ಚರ್ಚೆ ಬಿಸಿಯಾಗುವುದು ಖಂಡಿತ. ಹ್ಯಾಲಿಫ್ಯಾಕ್ಸ್‌ನ ಪ್ಯಾರಡೈಸ್ ಲಾಸ್ಟ್ 1991ರಲ್ಲಿ ತಂದ ‘ಗಾಥಿಕ್’ ಎಂಬ ಆಲ್ಬಂ, ಬ್ರೂಕ್ಲಿನ್‌ನ ಟೈಪ್ ಓ ನೆಗೆಟಿವ್ 1993ರಲ್ಲಿ ತಂದ ‘ಬ್ಲಡಿ ಕಿಸಸ್’ ಇವೆರಡರಲ್ಲೂ ಗಾಥ್‌ನ ಪ್ರಭಾವ ಇದ್ದೇ ಇದೆ. ಆದರೆ ನೋಟ್‌ಬುಕ್ ತೆರೆದು ಗಿಟಾರ್ ಅಂಕಣ ನೋಡಿ: ದಪ್ಪ ಡಿಸ್ಟಾರ್ಷನ್ (ಸದ್ದನ್ನು ಒಡೆದು ಒರಟಾಗಿಸುವುದು) ಹಚ್ಚಿದ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ಚಿಕ್ಕ ತುಣುಕು, ಹಾಡನ್ನು ಎಳೆಯುತ್ತಿದೆ, ಬಾಸ್ ಅದರ ಬೆನ್ನಿಗೆ ಅಂಟಿಕೊಂಡಿದೆ. ಗಾಥ್‌ನಲ್ಲಿ ಇದು ತಿರುಗುಮುರುಗು: ಅಲ್ಲಿ ಬಾಸ್ ನಡೆಸುತ್ತದೆ, ಗಿಟಾರ್ ಬಣ್ಣ ಹಚ್ಚುತ್ತದೆ. ವಂಶಾವಳಿಯೂ ಬೇರೆ, ಗಾಥಿಕ್ ಮೆಟಲ್‌ನ ಬೇರು ಬ್ಲ್ಯಾಕ್ ಸಬ್ಬಾತ್‌ನಿಂದ ಡೂಮ್ ಮೆಟಲ್‌ಗೆ ಬಂದ ಸಾಲಿನಲ್ಲಿದೆ. ನನ್ನ ತೀರ್ಮಾನದಲ್ಲಿ ಅದು ಮೆಟಲ್‌ನ ಕವಲು.

ಯಂತ್ರದ ಸದ್ದು, ಗದ್ದಲಗಳಿಂದ ಕಟ್ಟುವ ಇಂಡಸ್ಟ್ರಿಯಲ್ ಸಂಗೀತ ಥ್ರಾಬಿಂಗ್ ಗ್ರಿಸಲ್ ತಂಡ 1976ರಲ್ಲಿ ಶುರುಮಾಡಿದ ಇಂಡಸ್ಟ್ರಿಯಲ್ ರೆಕಾರ್ಡ್ಸ್‌ನಿಂದ ಹೆಸರು ಪಡೆದದ್ದು. ಅದರ ನೃತ್ಯಯೋಗ್ಯ ರೂಪವಾದ ಇಬಿಎಂ (ಎಲೆಕ್ಟ್ರಾನಿಕ್ ಬಾಡಿ ಮ್ಯೂಸಿಕ್) ಅನ್ನು ಬೆಲ್ಜಿಯಂನ ಫ್ರಂಟ್ 242 ಬೆಳೆಸಿತು. ಯಂತ್ರದ ತಾಳವೊಂದೇ ಇವಕ್ಕೂ ಲೀಡ್ಸ್ ಕವಲಿಗೂ ಸಮಾನ. ಹಾಗಾದರೆ ಎಲ್ಲವೂ ಒಂದೇ ಎನಿಸುವುದೇಕೆ? ಒಂದೇ ಕ್ಲಬ್ಬಿನ ಒಂದೇ ರಾತ್ರಿಯಲ್ಲಿ ಡಿಜೆಗಳು ಇವನ್ನೆಲ್ಲ ಬೆರೆಸಿ ಹಾಕಿದ್ದರಿಂದ, ಮತ್ತು 1992ರಿಂದ ಜರ್ಮನಿಯ ಲೈಪ್‌ಜಿಗ್‌ನಲ್ಲಿ ನಡೆಯುತ್ತಿರುವ ವೇವ್-ಗೋಟಿಕ್-ಟ್ರೆಫೆನ್ ಉತ್ಸವದಲ್ಲಿ ಇವೆಲ್ಲಕ್ಕೂ ವೇದಿಕೆ ಸಿಗುವುದರಿಂದ. ಕೇಳುಗರ ಬಳಗ ಒಂದೇ, ಸಂಗೀತದ ವಂಶಗಳು ಬೇರೆ ಬೇರೆ.

ಹಂತ 7: ತಂಡಕ್ಕಲ್ಲ, ಹಾಡಿಗೆ ಹೆಸರಿಡಿ, ಬೇಕಾದರೆ ಎರಡು ಹೆಸರಿಡಿ

ದ ಕ್ಯೂರ್ 1982ರಲ್ಲಿ ‘ಪೋರ್ನಾಗ್ರಫಿ’ ಎಂಬ ಕಡುಗತ್ತಲ ಆಲ್ಬಂ ತಂದು, ಮರುವರ್ಷವೇ ಚೆಲ್ಲಾಟದ ಪಾಪ್ ಹಾಡು ಹಾಡಿ, 1989ರಲ್ಲಿ ‘ಡಿಸಿಂಟಿಗ್ರೇಷನ್’ನೊಂದಿಗೆ ಮತ್ತೆ ಕತ್ತಲೆಗೆ ಮರಳಿತು. ಇಂಥ ತಂಡಕ್ಕೆ ಒಂದೇ ಚೀಟಿ ಅಂಟಿಸಲು ಹೊರಟರೆ ಕೆಲಸ ಕೆಡುತ್ತದೆ. ಹಾಡು ಒಂದಕ್ಕಿಂತ ಹೆಚ್ಚು ಕವಲಿನ ಗುಣ ತೋರಿದಾಗ ಮೊದಲು ಪ್ರಬಲವಾದುದನ್ನು, ಅಡ್ಡಗೆರೆ ಎಳೆದು ಎರಡನೆಯದನ್ನು ಬರೆಯಿರಿ. ಮೂರನೆಯದು ಬೇಕೆನಿಸಿದರೆ ಇನ್ನೊಮ್ಮೆ ಕೇಳಬೇಕಾಗಿದೆ ಎಂದರ್ಥ.

ನಮ್ಮ ಹುಡುಗರಿಗೆ ರೀಲ್ಸ್ ಮೂಲಕ ಪರಿಚಯವಾದ, ಬೆಲಾರೂಸ್‌ನ ಮಿನ್ಸ್ಕ್ ನಗರದ ಮೋಲ್ಚಾತ್ ದೋಮಾ ತಂಡವನ್ನು ಈ ಕ್ರಮಕ್ಕೆ ಒಡ್ಡಿ ನೋಡಿ. ಅವರ 2018ರ ಆಲ್ಬಂನಲ್ಲಿ ಬಾಸ್ ರಾಗ ನುಡಿಸುತ್ತದೆ, ಡ್ರಮ್ ಯಂತ್ರದ್ದು, ಸಿಂಥ್ ತಣ್ಣಗಿದೆ, ಕಂಠ ದೂರದ ಕೋಣೆಯಿಂದ ಬಂದಂತಿದೆ. ಆದರೆ ಬಜಿಯಂಥ ಟಾಮ್‌ಗಳ ಭಾರವಾಗಲಿ, ಮರ್ಫಿಯಂಥ ರಂಗದ ಗತ್ತಾಗಲಿ ಇಲ್ಲ. ನಾನು ಇದನ್ನು ಪೋಸ್ಟ್-ಪಂಕ್ / ಕೋಲ್ಡ್‌ವೇವ್ ಎಂದು ಬರೆಯುತ್ತೇನೆ, ಗಾಥ್ ಎಂದು ಬರೆಯುವವರೊಡನೆ ಕಾದಾಡುವುದಿಲ್ಲ. ಟರ್ಕಿಯ ಶೀ ಪಾಸ್ಟ್ ಅವೇ ತಂಡದಲ್ಲಾದರೆ ಅನುಮಾನಕ್ಕೆ ಎಡೆ ಕಡಿಮೆ: ಕೆಳಕಂಠ, ಕೋರಸ್ (ಒಂದೇ ಸ್ವರವನ್ನು ಹಲವು ಗಿಟಾರ್ ನುಡಿಸಿದಂತೆ ಕೇಳಿಸುವ ಸಾಧನ) ಹಚ್ಚಿದ ಗಿಟಾರ್, ಓಡುವ ಬಾಸ್ ಎಲ್ಲವೂ ಇದ್ದು, ಸಿಂಥ್‌ನ ಪಾಲೂ ದೊಡ್ಡದಾದ್ದರಿಂದ ಗಾಥ್ / ಡಾರ್ಕ್‌ವೇವ್. ಅವರು ಹಾಡುವುದು ಟರ್ಕಿಷ್ ಭಾಷೆಯಲ್ಲಿ, ಮತ್ತು ಅದು ಈ ನಿರ್ಣಯಕ್ಕೆ ಕೂದಲೆಳೆಯಷ್ಟೂ ಅಡ್ಡಿಯಾಗುವುದಿಲ್ಲ.

ಹಂತ 8: ನಿಮ್ಮದೇ ಕನ್ನಡ ಹಾಡಾದರೆ

ಲ್ಯಾಪ್‌ಟಾಪಿನಲ್ಲಿ ಹಾಡು ಕಟ್ಟಿ ಅಂತರ್ಜಾಲಕ್ಕೆ ಏರಿಸುವ ಹುಡುಗ-ಹುಡುಗಿಯರು ಈಗ ಜಮಖಂಡಿ, ಗೋಕಾಕದಂಥ ಊರುಗಳಲ್ಲೂ ಇದ್ದಾರೆ. ಪ್ರಕಾರದ ಜಾಗದಲ್ಲಿ ‘ಗಾಥ್’ ಎಂದು ತುಂಬುವ ಮುನ್ನ ಗಿಟಾರ್ ಮತ್ತು ಸಿಂಥ್ ಎರಡನ್ನೂ ಮ್ಯೂಟ್ ಮಾಡಿ, ಬಾಸ್, ಡ್ರಮ್, ಕಂಠ ಮೂರನ್ನೇ ಕೇಳಿ. ಹಾಡಿನ ರಾಗ ಇನ್ನೂ ನಿಂತಿದ್ದರೆ ಗಾಥ್ ಎಂದು ಧೈರ್ಯವಾಗಿ ಬರೆಯಬಹುದು. ಸಿಂಥ್ ತೆಗೆದ ಕೂಡಲೇ ಹಾಡು ಕುಸಿದರೆ ಡಾರ್ಕ್‌ವೇವ್ ಎನ್ನಿ. ಗಿಟಾರ್ ರಿಫ್ ತೆಗೆದ ಕೂಡಲೇ ಕುಸಿದರೆ ನೀವು ಕಟ್ಟಿರುವುದು ಬಹುಶಃ ಮೆಟಲ್, ಅದನ್ನು ಆ ಹೆಸರಿನಲ್ಲೇ ಏರಿಸಿದರೆ ಹಾಡು ತನ್ನ ಕೇಳುಗರನ್ನು ಬೇಗ ತಲುಪುತ್ತದೆ. ಎರಡು ಪ್ರಕಾರ ತುಂಬಲು ಅವಕಾಶವಿದ್ದಲ್ಲಿ ಹಂತ 7ರ ಕ್ರಮದಲ್ಲೇ ತುಂಬಿ, ಮತ್ತು ಮುಖಚಿತ್ರಕ್ಕೆ ಬಾವಲಿ ಬೇಕೋ ಬೇಡವೋ ಎಂಬುದನ್ನು ಕೊನೆಗೆ ಯೋಚಿಸಿ.